ಸಸಿ ಎಬ್ಬಿಸಲು ಅಂಗಳದ ಮಣ್ಣು ಸಾಲದು

ಮಾನ್ಯರೇ,

ಆಟಿಯ (ತುಳು ತಿಂಗಳು, ಜುಲೈ–ಆಗಸ್ಟ್) ಮಳೆಗೆ ಅಂಗಳದಲ್ಲಿ ಬಿತ್ತಿದ ಬದನೆ, ಮೆಣಸಿನ ಬೀಜ ಉಳಿಯುವುದಿಲ್ಲವೆಂದು ಉಡುಪಿ ಕಡೆ ಹಲವರು ಜಗಲಿಯಲ್ಲೇ ಸಸಿ ಎಬ್ಬಿಸುತ್ತಾರೆ. ಆದರೆ ಸಸಿ ಎಬ್ಬಿಸುವ ಕಪ್ಪಿಗೆ (ಲೋಟಕ್ಕೆ) ತುಂಬಿಸುವುದು ಅದೇ ಅಂಗಳದ ಕೆಂಪು ಮಣ್ಣು! ಅದು ನೀರು ಬಿದ್ದರೆ ಕೆಸರು, ಒಣಗಿದರೆ ಹೆಂಚು. ಎಳೆ ಬೇರಿಗೆ ಗಾಳಿ ಸಿಗದು.

ಅದರ ಬದಲು ತೆಂಗಿನ ನಾರಿನ ಹುಡಿ ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು, ಸುಟ್ಟ ಉಮಿಯ ಕರಿ ಅಥವಾ ಹೊಳೆಮರಳು ಒಂದು ಪಾಲು. ಇಷ್ಟು ಸಾಕು. ನಾರಿನ ಹುಡಿಯನ್ನು ಒತ್ತಿ ಮಾಡಿದ 650 ಗ್ರಾಂನ ಇಟ್ಟಿಗೆ ಸುಮಾರು 4 ಲೀಟರ್ ನೀರು ಕುಡಿದು 8 ಲೀಟರಿನಷ್ಟು ಹುಡಿಯಾಗುತ್ತದೆ. ಅದನ್ನು ಎರಡು ಮೂರು ಸಲ ತೊಳೆದು ಹಿಂಡಲೇಬೇಕು. ಉಪ್ಪು ಉಳಿದರೆ ಮೊಳಕೆ ಬಂದರೂ ಎಲೆಯಂಚು ಸುಡುತ್ತದೆ. ಕಡಲ ಮರಳು ಬೇಡವೇ ಬೇಡ. ಹಸಿ ಸೆಗಣಿಯೂ ಅಷ್ಟೆ.

ಮಿಶ್ರಣದ ಹದ ನೋಡಲು ಮುಷ್ಟಿಯಲ್ಲಿ ಹಿಂಡಿ: ಒಂದೆರಡು ಹನಿ ಮಾತ್ರ ಇಳಿಯಬೇಕು, ಉಂಡೆ ನಿಲ್ಲಬೇಕು, ಬೆರಳು ತಾಗಿದರೆ ಒಡೆಯಬೇಕು. ಬದನೆ, ಮೆಣಸಿಗೆ ಅರ್ಧ ಸೆಂಟಿಮೀಟರ್ ಆಳ. ಹರಿವೆ ಬೀಜ ಮೇಲೆ ಉದುರಿಸಿದರಾಯಿತು.

ಚೆನ್ನಾಗಿದ್ದ ಸಸಿಯ ಬುಡ ಬೆಳಗಾಗುವಷ್ಟರಲ್ಲಿ ನೂಲಿನಂತೆ ಸಪೂರವಾಗಿ ಮಗುಚಿದರೆ ಅದು ಶಿಲೀಂಧ್ರದ ಬುಡಕೊಳೆ. ಹೆಚ್ಚು ನೀರು, ಒತ್ತೊತ್ತಾದ ಬಿತ್ತನೆ, ಹಳೆಯ ಮಿಶ್ರಣದ ಮರುಬಳಕೆ ಇದಕ್ಕೆ ಕಾರಣ. ಗೊಬ್ಬರ ಹಾಕಿದರೆ ಗುಣವಾಗದು. ಕಪ್ಪಿನ ತಳಕ್ಕೆ ತೂತು ಮಾಡಿ, ತಟ್ಟೆಯಲ್ಲಿ ನೀರಿಟ್ಟು ಅರ್ಧ ಗಂಟೆ ಕೆಳಗಿನಿಂದಲೇ ಕುಡಿಸಿ, ಉಳಿದ ನೀರು ಚೆಲ್ಲಿ.

— ಕೈತೋಟದ ಓದುಗರು, ಉಡುಪಿ