ಗಡಿಯಾರ ನೋಡುವ ಮೊದಲು ಮಗುವೇ ಟೈಮ್ ಹೇಳಲಿ

ಸಂಪಾದಕರೇ,

ಬೇಸಿಗೆ ಬಂತೆಂದರೆ ನಮ್ಮ ಈಜುಕೊಳಗಳ ದಡದಲ್ಲಿ ಒಂದೇ ಕೂಗು: ಜೋರಾಗಿ ಹೊಡಿ, ಇನ್ನೂ ಜೋರಾಗಿ! ಮಕ್ಕಳು ಮೊದಲ 50 ಮೀಟರ್ ನುಗ್ಗಿಬಿಡುತ್ತಾರೆ. ಮೂರನೇ ಲ್ಯಾಪಿಗೆ ಸೊಂಟ ಕೆಳಗಿಳಿಯುತ್ತದೆ, ಕಾಲು ಎಳೆಯುತ್ತದೆ, ಕೈ ಸುಮ್ನೆ ನೀರು ಕಲಕುತ್ತಿರುತ್ತದೆ. ದಡದಲ್ಲಿದ್ದವರು ಸ್ಟ್ಯಾಮಿನಾ ಸಾಲದು ಅನ್ನುತ್ತಾರೆ. ನನ್ನ ಪ್ರಕಾರ ಸಾಲದಿರುವುದು ತಾನೆಷ್ಟು ವೇಗದಲ್ಲಿದ್ದೇನೆ ಎಂಬ ಅಂದಾಜು.

ನೀರು ಬಲು ದುಬಾರಿ. ವೇಗ ಶೇ 10ರಷ್ಟು ಏರಿಸಬೇಕಾದರೆ ಶಕ್ತಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಜಾಸ್ತಿ ಬೇಕು. ಹುಮ್ಮಸ್ಸಿನಲ್ಲಿ ಮಾಡಿದ ಆ ಖರ್ಚು ಆಗ ಗೊತ್ತೇ ಆಗುವುದಿಲ್ಲ, ಆಮೇಲೆ ಒಟ್ಟಿಗೆ ವಸೂಲಾಗುತ್ತದೆ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಈಜುಗಾರ್ತಿ ಕೇಟಿ ಲೆಡೆಕಿ 800 ಮೀಟರ್ ಫ್ರೀಸ್ಟೈಲನ್ನು 8 ನಿಮಿಷ 4.79 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದರು. ಎರಡನೆಯವರು 11 ಸೆಕೆಂಡಿಗೂ ಹೆಚ್ಚು ಹಿಂದಿದ್ದರು. ಲೆಕ್ಕ ಹಾಕಿ ನೋಡಿ, 50 ಮೀಟರಿನ 16 ಲ್ಯಾಪ್, ಸರಾಸರಿ ಒಂದೊಂದಕ್ಕೆ 30.3 ಸೆಕೆಂಡ್. ನಡುವೆ ಗಡಿಯಾರ ನೋಡುತ್ತಾ ಕೂರಲಾಗುತ್ತದೆಯೇ? ಅಂಗೈಗೂ ಮುಂಗೈಗೂ ತಾಗುವ ನೀರಿನ ಒತ್ತಡ, ಉಸಿರು, ಒಂದು ಲ್ಯಾಪಿಗೆ ಎಷ್ಟು ಸ್ಟ್ರೋಕ್ ಆಯ್ತು ಅನ್ನೋ ಎಣಿಕೆ, ಇವೇ ವೇಗ ಎಷ್ಟೆಂದು ಹೇಳಬೇಕು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಈಜುಗಾರ ಬಾಬಿ ಫಿಂಕ್ ಇದೇ ದೂರದ ಕೊನೆಯ 50 ಮೀಟರನ್ನು 26.39 ಸೆಕೆಂಡಿನಲ್ಲಿ ಈಜಿ ಚಿನ್ನ ಗೆದ್ದರಲ್ಲ, ಅಲ್ಲಿವರೆಗೂ ಶಕ್ತಿ ಉಳಿಸಿಕೊಂಡಿದ್ದಕ್ಕೇ ಅದು ಸಾಧ್ಯವಾಯ್ತು.

ಇದನ್ನು ಕಲಿಸಬಹುದು. ಮಗು 100 ಮೀಟರ್ ಈಜಿ ಗೋಡೆ ಮುಟ್ಟಿದ ಕೂಡಲೇ ಕೋಚ್ ಟೈಮ್ ಹೇಳಬಾರದು, ಎಷ್ಟಾಗಿರಬಹುದು ಅಂತ ಮಗುವನ್ನೇ ಕೇಳಬೇಕು. ಮೊದಮೊದಲು ಊಹೆ ಎಲ್ಲೆಲ್ಲೋ ಹೋಗುತ್ತದೆ. ಕೇಳುತ್ತಾ ಹೋದರೆ ಹತ್ತಿರ ಬರುತ್ತದೆ. ಒಮ್ಮೆ ಮುಷ್ಟಿ ಬಿಗಿದು ಈಜಿಸಿ, ಆಮೇಲೆ ಕೈ ಬಿಡಿಸಲು ಹೇಳಿ. ಆಗ ನೀರು ಅಂಗೈಗೆ ಎಷ್ಟು ಗಟ್ಟಿಯಾಗಿ ಸಿಗುತ್ತದೆ ಅಂತ ಮಗುವಿಗೇ ಅಚ್ಚರಿಯಾಗುತ್ತದೆ. ಅದೇ ಹಿಡಿತದಲ್ಲಿ ಕಡಿಮೆ ಸ್ಟ್ರೋಕಿಗೆ ಅದೇ ಟೈಮ್ ಬಂದರೆ ಅದು ನಿಜವಾದ ಪ್ರಗತಿ, ಅಲ್ವಾ?

ನಿಶಾ ಮಿಲ್ಲೆಟ್, ಶ್ರೀಹರಿ ನಟರಾಜ್, 14ನೇ ವಯಸ್ಸಿಗೇ ಪ್ಯಾರಿಸ್‌ಗೆ ಹೋದ ಧಿನಿಧಿ ದೇಸಿಂಗು, ಇವರನ್ನೆಲ್ಲ ಒಲಿಂಪಿಕ್ಸ್‌ಗೆ ಕಳಿಸಿದ ಊರು ಬೆಂಗಳೂರು. ಇಲ್ಲಿನ ಪ್ರತಿ ಸಾರ್ವಜನಿಕ ಕೊಳದ ಗೋಡೆಗೆ, ನೀರಿನಿಂದಲೇ ಕಾಣುವಂತೆ, ದೊಡ್ಡ ಸೆಕೆಂಡ್ ಮುಳ್ಳಿನ ಪೇಸ್ ಕ್ಲಾಕ್ ಹಾಕಿಸಿ. ಶಿಬಿರದ ಕೋಚ್‌ಗಳಿಗೆ ಒಂದು ದಿನದ ತರಬೇತಿ ಕೊಡಿ. ಮುಂದಿನ ಬೇಸಿಗೆ ಶಿಬಿರದೊಳಗೇ ಇದು ಆಗಲಿ.

– ಈಜು ಕಲಿಯುತ್ತಿರುವ ಹುಡುಗಿಯ ತಂದೆ, ಬೆಂಗಳೂರು