ಬ್ರೇಕಪ್ ನೋವಿಗೆ ಮೊದಲ ಚಿಕಿತ್ಸೆ ಮೊಬೈಲ್‌ಗೆ

ಮಾನ್ಯ ಸಂಪಾದಕರೇ,

ಪ್ರೀತಿ ಮುರಿದು ಕೊರಗುವವರಿಗೆ ಎಲ್ಲರೂ ಹೇಳುವುದು ಒಂದೇ: ‘ಮರೆತುಬಿಡು’. ಆದರೆ ಮರೆಯಲು ಕೈಯಲ್ಲಿರುವ ಮೊಬೈಲ್ ಬಿಡಬೇಕಲ್ಲ! ಹೊತ್ತಲ್ಲದ ಹೊತ್ತಿನಲ್ಲಿ ‘ಲಾಸ್ಟ್ ಸೀನ್’ ನೋಡುವುದು, ಡಿಪಿ ಬದಲಾಯಿತೇ ಎಂದು ಹುಡುಕುವುದು, ಗೆಳತಿಯ ಫೋನಿನಿಂದ ಸ್ಟೇಟಸ್ ಇಣುಕುವುದು ಇವೆಲ್ಲ ಗಾಯದ ಹಕ್ಕಳೆ ಕಿತ್ತಂತೆಯೇ. 2010ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಅವರ ತಂಡವು ಹೀಗೆ ನೊಂದ 15 ಮಂದಿಗೆ ಬಿಟ್ಟುಹೋದವರ ಫೋಟೊ ತೋರಿಸಿ ಮಿದುಳಿನ ಸ್ಕ್ಯಾನ್ ಮಾಡಿತ್ತು. ಚಟಕ್ಕೆ ಬಿದ್ದವರ ಹಂಬಲದಲ್ಲಿ ಚುರುಕಾಗುವ ಭಾಗಗಳೇ ಅಲ್ಲೂ ಚುರುಕಾಗಿದ್ದವು. ಸಣ್ಣ ಅಧ್ಯಯನವೇ ಸರಿ, ಆದರೂ ಒಮ್ಮೆ ನೋಡಿದರೆ ಮತ್ತೆ ನೋಡಬೇಕೆನಿಸುವುದೇಕೆ ಎಂಬುದು ಅದರಿಂದ ಅರ್ಥವಾಗುತ್ತದೆ.

ಬ್ಲಾಕ್ ಮಾಡಲು ಮನಸ್ಸು ಬಾರದಿದ್ದರೆ ವಾಟ್ಸ್‌ಆ್ಯಪ್ ಚಾಟನ್ನು ಆರ್ಕೈವ್ ಮಾಡಿ, ಸ್ಟೇಟಸ್ ಮ್ಯೂಟ್ ಮಾಡಿ. ಇನ್‌ಸ್ಟಾಗ್ರಾಂನಲ್ಲಿ ಪೋಸ್ಟ್, ಸ್ಟೋರಿ ಎರಡನ್ನೂ ಮ್ಯೂಟ್ ಮಾಡಬೇಕು. ಬಹಳ ಮಂದಿ ಮರೆಯುವ ಸಂಗತಿ ಇನ್ನೊಂದಿದೆ. ಗೂಗಲ್ ಫೋಟೋಸ್ ತಾನಾಗಿಯೇ ಹಳೆಯ ಪ್ರವಾಸದ ಚಿತ್ರಗಳನ್ನು ಬೆಳಿಗ್ಗೆಯೇ ಕಣ್ಣೆದುರು ತಂದಿಡುತ್ತದೆ. ಅದರ ‘ಮೆಮೊರೀಸ್’ ಸೆಟ್ಟಿಂಗ್‌ನಲ್ಲಿ ಆ ಮುಖವನ್ನೂ ಆ ದಿನಾಂಕಗಳನ್ನೂ ಮರೆಮಾಡಬಹುದು. ಲೊಕೇಶನ್ ಹಂಚಿಕೆ ನಿಲ್ಲಿಸುವುದು, ಪಾಸ್‌ವರ್ಡ್ ಬದಲಿಸುವುದು ಸಂಬಂಧ ಮುರಿದ ದಿನವೇ ಆಗಬೇಕು. ಖಾಸಗಿ ಫೋಟೊ ಹರಿಬಿಡುವುದಾಗಿ ಬೆದರಿಕೆ ಬಂದರೆ ಮಾತ್ರ ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ, ಅದೇ ಸಾಕ್ಷ್ಯ. ಸ್ಕ್ರೀನ್‌ಶಾಟ್ ಸಮೇತ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ದೂರು ಕೊಡಿ.

ರಾತ್ರಿ ಎಷ್ಟು ಹೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವ ಸಮಯ ಬದಲಾಗಬಾರದು. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ ನಿಜ, ನಡುರಾತ್ರಿ ಎಚ್ಚರವಾಗುವುದೂ ಅದರಿಂದಲೇ. ಮನಸ್ಸಿನಲ್ಲಿದ್ದುದನ್ನು ದಿನಕ್ಕೆ 15–20 ನಿಮಿಷದಂತೆ ಮೂರ್ನಾಲ್ಕು ದಿನ ಕಾಗದದ ಮೇಲೆ ಬರೆಯುವುದು ಕೆಲವರಿಗೆ ಹಿಡಿಸುತ್ತದೆ. ಕಾಗುಣಿತ ನೋಡಬೇಕಿಲ್ಲ, ಯಾರಿಗೂ ಕಳಿಸಬಾರದು. ಬರೆದಷ್ಟೂ ಅದೇ ಪ್ರಶ್ನೆ ಸುತ್ತುತ್ತಿದ್ದರೆ ಅದನ್ನು ಬಿಟ್ಟು ನಡೆಯಲು ಹೋಗುವುದೇ ಮೇಲು.

ಮನೆಯವರದ್ದು ಇನ್ನೊಂದು ಬಗೆಯ ಅವಸರ. ‘ನಾವು ಆಗಲೇ ಹೇಳಿರಲಿಲ್ಲವಾ?’ ಎನ್ನುತ್ತಾರೆ, ಕಣ್ಣೀರು ಆರುವ ಮೊದಲೇ ಜಾತಕ ಹಿಡಿದು ಹೊರಡುತ್ತಾರೆ. ಆ ಹೊತ್ತಿನಲ್ಲಿ ಬೇಕಿರುವುದು ಮದುವೆಯಲ್ಲ, ‘ಊಟ ಮಾಡೋಣ ಬಾ’ ಎಂದು ಪಕ್ಕದಲ್ಲಿ ಕೂರುವವರು.

ಎರಡು ವಾರ ಕಳೆದರೂ ಊಟ, ನಿದ್ದೆ, ಕೆಲಸ ಯಾವುದೂ ಹಳಿಗೆ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’ 14416ಕ್ಕೆ ಕರೆ ಮಾಡಬಹುದು. ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸ್ ಕೇಸಾದೀತೆಂದು ಹೆದರಿ ಮುಚ್ಚಿಡುವವರು ಈಗಲೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅದಕ್ಕಾಗಿ ಅವರನ್ನು ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ. ಪಿಜಿ, ಹಾಸ್ಟೆಲ್ ನಡೆಸುವವರು ಈ ಮಾಹಿತಿಯನ್ನು ನೋಟಿಸ್ ಬೋರ್ಡಿಗೆ ಹಾಕಲಿ.

– ಆಪ್ತಸಮಾಲೋಚಕಿ, ದಾವಣಗೆರೆ