ಜನವರಿ ಗಡುವಿಗೆ ಮುಂಚೆ

ಆದಿ ಮಗಾ,

ನಿನಗೆ ಕನ್ನಡ ಓದುವುದು ನಿಧಾನ ಅಂತ ಗೊತ್ತು. ಕಷ್ಟವಾದರೆ ಅಮ್ಮನ ಹತ್ತಿರ ಓದಿಸಿಕೊ. ಈ ಮಾತು ನನಗೆ ಇಂಗ್ಲಿಷಿನಲ್ಲಿ ಹೇಳಲು ಬರುವುದಿಲ್ಲ. ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡಗಳು ಕಾಲೇಜು ಹುಡುಗರನ್ನು ಸುತ್ತು ಸುತ್ತಾಗಿ ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಈ ವರ್ಷವೇ ಹೋಗಬೇಕೋ, ಕಾಲೇಜಿನಲ್ಲೇ ಇನ್ನೊಂದು ವರ್ಷ ಆಡಬೇಕೋ ಅಂತ ನೀನು ಜನವರಿಯೊಳಗೆ ತೀರ್ಮಾನಿಸಬೇಕಲ್ಲ, ಅದರ ಬಗ್ಗೆ ಬರೆಯುತ್ತಿದ್ದೇನೆ.

ಥ್ಯಾಂಕ್ಸ್‌ಗಿವಿಂಗ್‌ಗೆ ಬಂದಾಗ ನೀನು ಮೆಟ್ಟಿಲು ಇಳಿಯುವುದನ್ನು ನೋಡಿದೆ. ಒಂದೊಂದೇ ಮೆಟ್ಟಿಲು, ಕೈ ಕಂಬಿ ಬಿಡಲೇ ಇಲ್ಲ. ಆಮೇಲೆ ಸೋಫಾದಲ್ಲಿ ಕೂತು, ಫ್ರೀಜರಿನಲ್ಲಿದ್ದ ಬಟಾಣಿ ಪ್ಯಾಕೆಟ್ಟನ್ನು ಮಂಡಿ ಮೇಲಿಟ್ಟುಕೊಂಡು, "ಅದಕ್ಕೇ ಈ ವರ್ಷವೇ ಡ್ರಾಫ್ಟ್‌ಗೆ ಹೋಗ್ತೀನಿ ದೊಡ್ಡಪ್ಪ, ಮೈಯಲ್ಲಿ ಶಕ್ತಿ ಇದ್ದಾಗಲೇ ದುಡೀಬೇಕು" ಅಂದೆ. ಆವತ್ತು ನಾನು ಸುಮ್ನೆ ಇದ್ದೆ. ನಿನ್ನ ಮಾತು ಸುಳ್ಳಲ್ಲ. ಚೆಂಡು ಹಿಡಿದು ಓಡುವ ನಿನ್ನಂಥ ರನ್ನಿಂಗ್ ಬ್ಯಾಕ್‌ನ ಮೈ ಬೇಗ ಸವೆಯುತ್ತದೆ. ಸೌತ್ ಕ್ಯಾರೊಲಿನಾ ಕಾಲೇಜಿನ ರನ್ನಿಂಗ್ ಬ್ಯಾಕ್ ಮಾರ್ಕಸ್ ಲ್ಯಾಟಿಮೋರ್ ಎಂಥ ಆಟಗಾರ! ಹೈಸ್ಕೂಲ್ ಮುಗಿದು ಮೂರು ವರ್ಷ ಆಗದೆ ಎನ್‌ಎಫ್‌ಎಲ್, ಅಂದರೆ ವೃತ್ತಿಪರ ಲೀಗ್, ಸೇರಿಸಿಕೊಳ್ಳುವುದಿಲ್ಲವಲ್ಲ, ಆ ಮೂರನೇ ವರ್ಷದಲ್ಲೇ, 2012ರ ಅಕ್ಟೋಬರಿನಲ್ಲಿ, ಅವನ ಮಂಡಿ ಹೋಯಿತು. ಸ್ಯಾನ್ ಫ್ರಾನ್ಸಿಸ್ಕೊ ತಂಡ 4ನೇ ಸುತ್ತಿನಲ್ಲಿ ಆರಿಸಿಕೊಂಡರೂ ಒಂದೇ ಒಂದು ಪಂದ್ಯ ಆಡದೆ ನಿವೃತ್ತನಾದ.

ಅದಕ್ಕೆ ನಾನು "ಕಾಲೇಜಿನಲ್ಲೇ ಇರು" ಅಂತ ಕಣ್ಣುಮುಚ್ಚಿ ಹೇಳುವುದಿಲ್ಲ. ಆಂಡ್ರ್ಯೂ ಲಕ್ ಸ್ಟ್ಯಾನ್‌ಫರ್ಡ್‌ನಲ್ಲಿ ಇನ್ನೊಂದು ವರ್ಷ ಉಳಿದ, ಡಿಗ್ರಿ ಮುಗಿಸಿದ, 2012ರ ಡ್ರಾಫ್ಟಿನಲ್ಲಿ ಮೊದಲನೆಯವನಾಗಿಯೇ ಆಯ್ಕೆಯಾದ. ಮ್ಯಾಟ್ ಬಾರ್ಕ್ಲಿ ಕೂಡ ಹಾಗೇ ಯುಎಸ್‌ಸಿ ಕಾಲೇಜಿನಲ್ಲಿ ಉಳಿದ, ಭುಜಕ್ಕೆ ಪೆಟ್ಟು ಮಾಡಿಕೊಂಡ, ಮೊದಲ ಸುತ್ತಿನಲ್ಲಿ ಹೋಗುತ್ತಾನೆ ಅಂತ ಎಲ್ಲರೂ ಅಂದುಕೊಂಡಿದ್ದ ಹುಡುಗ 2013ರಲ್ಲಿ 98ನೆಯವನಾದ. ಇಬ್ಬರೂ ಮಾಡಿದ್ದು ಒಂದೇ ಕೆಲಸ, ಅಲ್ವಾ? ಯಾರದೋ ಕಥೆ ನೋಡಿ ನೀನು ತೀರ್ಮಾನ ಮಾಡಬೇಡ.

ನಿನ್ನ ಕೋಚ್ ಮೂಲಕ ಡ್ರಾಫ್ಟಿನಲ್ಲಿ ಯಾವ ಸುತ್ತಿಗೆ ಹೋಗಬಹುದು ಅಂತ ಅಂದಾಜು ಹೇಳುವ ಎನ್‌ಎಫ್‌ಎಲ್‌ನ ಸಲಹಾ ಸಮಿತಿಗೆ ಹೆಸರು ಕಳಿಸು. ಮೊದಲ ಸುತ್ತು, ಎರಡನೇ ಸುತ್ತು, ಇಲ್ಲವೇ ಕಾಲೇಜಿನಲ್ಲೇ ಇರು: ಈ ಮೂರರಲ್ಲಿ ಒಂದು ಉತ್ತರ ಬರುತ್ತದೆ. ಮೊದಲ ಎರಡರಲ್ಲಿ ಒಂದು ಬಂದರೆ ಹೋಗು, ನಾನೇ ಏರ್‌ಪೋರ್ಟಿಗೆ ಬಿಡುತ್ತೇನೆ. ಇರು ಅಂದರೆ ಇರು. ಏಜೆಂಟ್ ಫೋನಿನಲ್ಲಿ "ನಾಲ್ಕು ವರ್ಷದ ಕಾಂಟ್ರ್ಯಾಕ್ಟ್" ಅಂತಾನೆ, ಆದರೆ ಕೊನೆ ಸುತ್ತುಗಳಲ್ಲಿ ಹೋದವನಿಗೆ ಕೈಗೆ ಗ್ಯಾರಂಟಿಯಾಗಿ ಸಿಗುವುದು ಸಹಿ ಮಾಡಿದಾಗಿನ ಬೋನಸ್ ಅಷ್ಟೇ. ಆಗಸ್ಟಿನಲ್ಲಿ ತಂಡ ಬೇಡ ಅಂದರೆ ಉಳಿದದ್ದೆಲ್ಲ ಕಾಗದದ ಮೇಲೇ. ಇನ್ನೊಂದು ಕಡೆ, 2021ರಿಂದ ಕಾಲೇಜು ಹುಡುಗರೂ ಜಾಹೀರಾತಿನಂಥವುಗಳಿಂದ ತಮ್ಮ ಹೆಸರಿನ ಮೇಲೆ ದುಡಿಯಬಹುದು. ಹಿಂದಿನ ಹುಡುಗರಿಗೆ ಈ ಅನುಕೂಲ ಇರಲಿಲ್ಲ. ಟೆಕ್ಸಾಸ್ ಕಾಲೇಜಿನ ಕ್ವಿನ್ ಯೂಅರ್ಸ್ 2025ರಲ್ಲಿ ಬೇಗ ಹೊರಟ, 7ನೇ ಸುತ್ತಿನವರೆಗೆ ಕಾಯಬೇಕಾಯಿತು. ಅವನು ಮಾಡಿದ್ದು ತಪ್ಪು ಅಂತ ನಾನು ಹೇಳಲಾರೆ, ಆದರೆ ಆ ಕಾಯುವಿಕೆ ನಿನಗೆ ಬರಬಾರದು ಅಂತ ಆಸೆ.

ಮಂಡಿಯ ಎಂಆರ್‌ಐಯನ್ನು ತಂಡದ ಡಾಕ್ಟರಿಗಷ್ಟೇ ತೋರಿಸಿ ಸುಮ್ಮನಾಗಬೇಡ. ತಂಡಕ್ಕೆ ಸಂಬಂಧವಿಲ್ಲದ ಇನ್ನೊಬ್ಬರಿಗೂ ತೋರಿಸು, ಖರ್ಚು ನನ್ನದು. ಕಾಲೇಜಿನಲ್ಲೇ ಉಳಿದರೆ ಗಾಯಕ್ಕೆ ವಿಮೆ ಮಾಡಿಸು. ನೋತ್ರ್ ಡೇಮ್ ಕಾಲೇಜಿನ ಜೇಲನ್ ಸ್ಮಿತ್‌ಗೆ ಕಾಲೇಜಿನ ಕೊನೆ ಪಂದ್ಯದಲ್ಲಿ ಮಂಡಿ ಹೋದಾಗ ವಿಮೆಯ ದುಡ್ಡೇ ಕೈಹಿಡಿದದ್ದು. ಹೋದರೂ ಸರಿ, ಉಳಿದ ಎರಡು ಸೆಮಿಸ್ಟರ್ ಯಾವ ಬೇಸಿಗೆಯಲ್ಲಿ ಮುಗಿಸುತ್ತೀಯ ಅಂತ ಈಗಲೇ ಬರೆದಿಡು.

ನಿಮ್ಮಪ್ಪ ಬಾಯಿಬಿಟ್ಟು ಏನೂ ಹೇಳುತ್ತಿಲ್ಲ, ಆದರೆ ರಾತ್ರಿ ನಿದ್ದೆ ಮಾಡುತ್ತಿಲ್ಲ. ಸಮಿತಿಯ ಉತ್ತರ ಬಂದ ದಿನ ಮೊದಲು ಅವನಿಗೆ ಫೋನ್ ಮಾಡು, ಆಮೇಲೆ ನನಗೆ. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ ದೊಡ್ಡಪ್ಪ